ಅಕ್ಕನ ಬಳಗಕ್ಕೊಂದು ಅನಾಮಧೇಯ ಪತ್ರ

ಮನೆಯಲ್ಲಿ ಹೇಳಲಾಗದ ದುಃಖ, ಅದಕ್ಕೇ ನಿಮ್ಮ ಮುಂದೆ ತೋಡಿಕೊಳ್ಳುತ್ತಿದ್ದೇನೆ. ನಮ್ಮ ನಾಚಾರಂ ಬಡಾವಣೆಯ ಅಕ್ಕನ ಬಳಗದ ಹೆಂಗಸರು ಪ್ರತಿ ಸೋಮವಾರ ಸಂಜೆ ಸೇರಿ ವಚನ ಹಾಡುತ್ತಾರೆ. ಹನ್ನೆರಡು ವರ್ಷ ಒಂದು ಹಾರ್ಮೋನಿಯಂ, ಒಂದು ಜೊತೆ ತಾಳ, ಅಷ್ಟೆ. ಕಾರ್ಖಾನೆಯ ಗದ್ದಲದಿಂದ ಬಂದು ಹಿಂದಿನ ಚಾಪೆಯಲ್ಲಿ ಕೂತರೆ ನನ್ನ ಕಣ್ಣು ತಾನಾಗಿ ಮುಚ್ಚುತ್ತಿತ್ತು. (ಭಕ್ತಿಯಿಂದ. ಗೊರಕೆಯ ಸುದ್ದಿ ಶುದ್ಧ ಅಪಪ್ರಚಾರ.) ಮುಖ್ಯ ಗಾಯಕಿ ನನ್ನ ಧರ್ಮಪತ್ನಿ ಗುಣವತಿ.

ಈ ಶ್ರಾವಣದಲ್ಲಿ ಬಳಗದವರು ಕೋಠಿಯ ಪೇಟೆಗೆ ಹೋಗಿ ಕೀಬೋರ್ಡ್ ತಂದರು. ಗುಂಡಿ ಒತ್ತಿದರೆ ಡೋಲನ್ನೂ ಅದೇ ಬಾರಿಸುತ್ತದೆ. ವೈರಾಗ್ಯದ ವಚನಕ್ಕೆ ಡಿಸ್ಕೊ! ಮದುಮಗನ ಕುದುರೆ ಬಂತೇನೋ ಎಂದು ನಾನು ಬಾಗಿಲ ಕಡೆ ನೋಡಿದೆ. ನಿಜ ಹೇಳುತ್ತೇನೆ, ಅಳು ಬಂತು.

"ಹ್ಯಾಂಗಿತ್ರಿ?" ಎಂದಳು ಗುಣವತಿ.

"ಭಾಳ ಛಲೋ ಇತ್ತು," ಎಂದೆ. ಹಿಂದೊಮ್ಮೆ ಅವಳ ಶ್ರುತಿ ಕೊಂಚ ಇಳಿಯಿತೆಂದು ಬಾಯಿಬಿಟ್ಟು ಎಂಟು ದಿನ ಉಪ್ಪಿಲ್ಲದ ಸಾರು ಉಂಡವನು ನಾನು.

ಕೊನೆಗೆ ಆಫೀಸಿನಲ್ಲಿ ಕೂತು, ಎಡಗೈಯಲ್ಲಿ, ಬಳಗದ ಅಧ್ಯಕ್ಷೆ ಉಮಾಬಾಯಿಯವರಿಗೆ ಪತ್ರ ಬರೆದೆ: 'ದಯವಿಟ್ಟು ಹಾರ್ಮೋನಿಯಂ ಮರಳಿ ತನ್ನಿ. ಇಂತಿ, ನೊಂದ ಕೇಳುಗ.' ಮೂರು ಮೈಲಿ ಸೈಕಲ್ ತುಳಿದು ಬೇರೆ ಬಡಾವಣೆಯ ಡಬ್ಬಿಗೆ ಹಾಕಿದೆ. ಅಂದಿನಿಂದ ಗುಣವತಿ ಪಾತ್ರೆ ಕುಕ್ಕಿದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಸೋಮವಾರ ಉಮಾಬಾಯಿ ಕನ್ನಡಕ ಏರಿಸಿ ಪತ್ರವನ್ನು ಎಲ್ಲರೆದುರು ಓದಿದರು. ಯಾರು ಬರೆದದ್ದೆಂದು ಗುಸುಗುಸು ಎದ್ದಿತು. ಅವರು ಕಾಗದದ ಮೂಲೆ ನೋಡಿದರು.

"ನಂಬರ ಐತಿ, ತಾರೀಖ ಐತಿ. ನಿಮ್ಮ ಕಾರ್ಖಾನಿ ಶಿಕ್ಕಾನೂ ಐತಲ್ರಿ, ಶಿವಶರಣಪ್ಪನವರ," ಎಂದರು.

ಇಪ್ಪತ್ತೆರಡು ವರ್ಷ ಹೊರಹೋಗುವ ಟಪಾಲಿಗೆ ನಂಬರು ಹಾಕಿ ಮೊಹರು ಒತ್ತುವ ಗುಮಾಸ್ತ ನಾನು. ಹೆಸರು ಬಚ್ಚಿಟ್ಟೆ, ಕೈಯ ಚಾಳಿ ಬಚ್ಚಿಡಲಾಗಲಿಲ್ಲ.

ಗುಣವತಿ ತಾಳ ಕೆಳಗಿಟ್ಟು ಎದ್ದಳು. ನಾನು ಚಪ್ಪಲಿ ಎಲ್ಲಿದೆಯೆಂದು ನೋಡಿಕೊಂಡೆ. ಆದರೆ ಅವಳ ಕಣ್ಣು ಒದ್ದೆಯಾಗಿತ್ತು.

"ಹನ್ನೆರಡು ವರ್ಷದಾಗ ನಮ್ಮ ಹಾಡು ಇಷ್ಟು ಮನಸಿಟ್ಟು ಕೇಳಿದವರು ಇವರೊಬ್ಬರ ನೋಡ್ರಿ," ಎಂದಳು.

ಸಭೆ ತಲೆದೂಗಿತು. ಇಂಥ ರಸಿಕನಿಗೆ ಹೊಸ ವಾದ್ಯ ಹಿಡಿಸುವ ತನಕ ದಿನಾ ನಮ್ಮ ಮನೆಯಲ್ಲೇ ತಾಲೀಮು ಎಂದು ಸರ್ವಾನುಮತದ ನಿರ್ಣಯವಾಯಿತು. ಈಗಲೇ ಹಿಡಿಸಿತು ಎಂದು ಕೈಮುಗಿದೆ.

"ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ್ರಿ," ಎಂದಳು ಗುಣವತಿ ಪ್ರೀತಿಯಿಂದ. ಆಮೇಲೆ ಉಳಿದವರ ಕಡೆ ತಿರುಗಿ, ಬೆಳಿಗ್ಗೆ ಐದಕ್ಕೇ ಬಂದುಬಿಡಿ ಎಂದು ತಿಳಿಸಿದಳು.