ಗೋಲು ಹೊಡೆಯಲೊಲ್ಲದ ಚಿಕ್ಕಪ್ಪ

ನಮ್ಮ ವಂಶದಲ್ಲಿ ಅಚ್ಚ ಧಾರವಾಡ ಕನ್ನಡ ಮಾತಾಡುವವರು ಈಗ ಒಬ್ಬರೇ ಉಳಿದಿದ್ದಾರೆ. ಅವರು ಹುಟ್ಟಿದ್ದು ರೊಮೇನಿಯಾದಲ್ಲಿ!

ನಗಬೇಡಿ. ಅವರು ನನ್ನ ಚಿಕ್ಕಮ್ಮನ ಗಂಡ. ಆರಡಿ ಎರಡಂಗುಲ ಎತ್ತರ, ಬೀಟ್‌ರೂಟ್ ಬಣ್ಣದ ಮೂಗು. ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ಇಂಡಿಯನ್ ಅಂಗಡಿಯಲ್ಲಿ ಬೆಂಗಳೂರಿನ ದಂಪತಿಗಳು, ಈ ಬಿಳಿಯನಿಗೇನು ತಿಳಿಯುತ್ತೆ ಅನ್ನುವ ಧೈರ್ಯದಲ್ಲಿ ಕನ್ನಡದಲ್ಲೇ ಜಗಳ ಆಡುತ್ತಿರುತ್ತಾರೆ. ಚಿಕ್ಕಪ್ಪ ಪಕ್ಕಕ್ಕೆ ಬಂದು ಬಗ್ಗಿ, "ಹೋಗ್ಲಿ ಬಿಡ್ರೀ ಅಕ್ಕಾರ, ಪಾಪ, ಅವರಿಗೆ ಹಸಿವ್ಯಾಗಿರಬೇಕು" ಅನ್ನುತ್ತಾರೆ. ಒಮ್ಮೆ ಒಬ್ಬಾಕೆಯ ಕೈಯಿಂದ ಅವರೆಕಾಳಿನ ಪ್ಯಾಕೆಟ್ಟೇ ಜಾರಿತು. ಅದು ನೆಲ ಮುಟ್ಟುವ ಮೊದಲೇ ಚಿಕ್ಕಪ್ಪ ಎಡಗಾಲಿನಲ್ಲಿ ಎತ್ತಿ ಆಕೆಯ ಕಾರ್ಟಿಗೆ ಹಾಕಿದರು. ಆಕೆ ಅವತ್ತಿನಿಂದ ಬೇರೆ ಅಂಗಡಿಗೆ ಹೋಗುತ್ತಾರಂತೆ.

ಆ ಎಡಗಾಲಿಗೆ ಒಂದು ಚರಿತ್ರೆಯಿದೆ. ಚಿಕ್ಕಪ್ಪ ತಮ್ಮ ಊರಿನ ಟ್ರ್ಯಾಕ್ಟರ್ ಕಾರ್ಖಾನೆಯ ಫುಟ್‌ಬಾಲ್ ಟೀಮಿನಲ್ಲಿ ಮಿಡ್‌ಫೀಲ್ಡರ್ ಆಗಿದ್ದವರು. ಅಂದರೆ ಮೈದಾನದ ನಡುವೆ ನಿಂತು, ಹಿಂದಿನವರಿಂದ ಚೆಂಡು ಇಸ್ಕೊಂಡು ಮುಂದಿನವರಿಗೆ ದಾಟಿಸುವ ಕೆಲಸ. ಒಂಬತ್ತು ವರ್ಷ ಆಡಿದರು. ಹೊಡೆದ ಗೋಲು ಎಷ್ಟು ಗೊತ್ತೆ? ಎರಡು. ಅದರಲ್ಲಿ ಒಂದು ತಮ್ಮದೇ ಟೀಮಿನ ಗೋಲಿಗೆ! ಇನ್ನೊಂದರ ಬಗ್ಗೆ ಕೇಳಿದರೆ ನಾಚಿಕೊಂಡು, "ಅವತ್ತ ಭಾಳ ಮಂಜು ಬಿದ್ದಿತ್ತೋ. ಯಾರೂ ಕಾಣಲಿಲ್ಲ. ಕಂಡಿದ್ರ ಪಾಸ್ ಕೊಡ್ತಿದ್ದೆ" ಅನ್ನುತ್ತಾರೆ.

ಇಂಥವರನ್ನು ಡೆಟ್ರಾಯಿಟ್ ಕಡೆಯ ಒಂದು ಟೀಮು ಯಾವ ಭ್ರಮೆಯಲ್ಲಿ ಕರೆಸಿಕೊಂಡಿತೋ! ಇವರು ಬಂದು ಮೂರು ಮ್ಯಾಚ್ ಆಡುವಷ್ಟರಲ್ಲಿ ಬಲ ಮೊಣಕಾಲು ಹೋಯಿತು. ನಾಲ್ಕನೆಯ ಮ್ಯಾಚಿಗೆ ಟೀಮೇ ಹೋಯಿತು. ಕೊನೆಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಮೊಣಕಾಲು ತೋರಿಸಲು ಹೋದ ಕ್ಲಿನಿಕ್ಕಿನಲ್ಲಿ ನಮ್ಮ ಚಿಕ್ಕಮ್ಮ ಫಿಸಿಯೋಥೆರಪಿಸ್ಟ್. ಆಕೆ ಮೊಣಕಾಲು ಒತ್ತಿದಳು. ಇವರು ರೊಮೇನಿಯನ್ ಭಾಷೆಯಲ್ಲಿ ಕಿರುಚಿದರು. ಬಾಯಿತಪ್ಪಿ ಚಿಕ್ಕಮ್ಮನ ಧಾರವಾಡ ಹೊರಬಂತು: "ಸುಮ್ನ ಕೂಡ್ರಿ!"

ಮುಂದಿನ ವಾರ ಇವರು ರಿಸೆಪ್ಷನ್‌ಗೆ ಫೋನ್ ಮಾಡಿ, "ಮಿಸ್ ಸುಮ್ನಕೂಡ್ರಿ ಅವರ ಅಪಾಯಿಂಟ್‌ಮೆಂಟ್ ಬೇಕು" ಅಂದರಂತೆ. ಪಾಪ, ಅದೇ ಅವಳ ಹೆಸರು ಅಂದುಕೊಂಡಿದ್ದರು! ಇಂಥವರನ್ನು ಮದುವೆಯಾಗದೆ ಇರೋದು ಹೇಗೆ?

ಮದುವೆಯಾದ ಸುದ್ದಿ ಕೇಳಿ ಧಾರವಾಡದಿಂದ ಅಜ್ಜಿ ತನಿಖೆಗೆ ಬಂದಳು. ಆರು ತಿಂಗಳಿದ್ದಳು. ಅಳಿಯನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅಜ್ಜಿಗೆ ಅದೂ ಇಲ್ಲ. ಹಾಗಾಗಿ ಇಬ್ಬರಿಗೂ ಬೇಗ ಹೊಂದಿಕೆಯಾಯಿತು. ಆಕೆ ಕನ್ನಡ ಕಲಿಸಿದಳು, ಅವರು ಅಡುಗೆಮನೆಯ ಕಟ್ಟೆಯ ಮೇಲೆ ಚಟ್ನಿಪುಡಿ ಡಬ್ಬಿಗಳನ್ನು ಸಾಲಾಗಿಟ್ಟು ಫುಟ್‌ಬಾಲಿನ ಆಫ್‌ಸೈಡ್ ನಿಯಮ ಕಲಿಸಿದರು. ನಮಗೆ ಯಾರಿಗೂ ಇವತ್ತಿನವರೆಗೂ ಅರ್ಥವಾಗದ ಆ ನಿಯಮ ಅಜ್ಜಿಗೆ ಎರಡೇ ನಿಮಿಷಕ್ಕೆ ತಿಳಿಯಿತು.

"ಅಂದ್ರ, ಊಟಕ್ಕ ಏಳ್ರಿ ಅನ್ನೋಕಿಂತ ಮೊದಲ ಎಲಿ ಮುಂದ ಹೋಗಿ ಕೂತಂಗ!"

"ಹೌದ್ರೀ ಅತ್ತಿ!"

"ಮತ್ತ ನೀವೇನು ಮಾಡಾವ್ರು?"

"ನಾ ನಡುವ ನಿಂತು ಎಲ್ಲಾರಿಗೂ ಚೆಂಡು ಕೊಡಾವ."

"ಅಂದ್ರ ಬಡಸಾವ್ರು ಅನ್ರಿ" ಅಂದಳು ಅಜ್ಜಿ. ಅಮೆರಿಕದಲ್ಲಿ ಯಾರಾದರೂ ನಿಮ್ಮ ಕಸುಬೇನು ಅಂದರೆ ಚಿಕ್ಕಪ್ಪ ಈಗಲೂ ಎದೆಯುಬ್ಬಿಸಿ, "ಬಡಸಾವ" ಅನ್ನುತ್ತಾರೆ. ಕೇಳಿದವರು ಅದೇನೋ ರೊಮೇನಿಯಾದ ಪದವಿ ಅಂದುಕೊಂಡು ಕೈ ಕುಲುಕುತ್ತಾರೆ.

ಇರಲಿ, ನನ್ನ ಪಾಡು ಕೇಳಿ. ಕಳೆದ ಚಳಿಗಾಲದಲ್ಲಿ, ಅಲ್ಲೇ ಹತ್ತಿರದ ಪ್ಲಿಮತ್‌ನಲ್ಲಿದ್ದ ನನ್ನ ಆಫೀಸು, ಹದಿಮೂರು ವರ್ಷದ ನನ್ನ ಸಾಮಾನನ್ನು ಒಂದು ರಟ್ಟಿನ ಡಬ್ಬಕ್ಕೆ ತುಂಬಿಸಿ ಮನೆಗೆ ಕಳಿಸಿತು. ಕೆಲಸಕ್ಕೆ ಅಪ್ಲೈ ಮಾಡಿದೆ, ಮಾಡಿದೆ, ಆಮೇಲೆ ಬಿಟ್ಟೆ. ಯಾರ ಫೋನೂ ಎತ್ತುತ್ತಿರಲಿಲ್ಲ. ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ, ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ, ಚಡ್ಡಿ ಹಾಕಿಕೊಂಡು ಚಿಕ್ಕಪ್ಪ ಬಾಗಿಲು ಬಡಿದರು.

"ಏಳೋ ತಮ್ಮಾ! ಟೀಮ್ ಕಟ್ಟೀನಿ. ಒಬ್ಬಾವ ಕಡಿಮಿ ಇದ್ದಾನ."

"ಚಿಕ್ಕಪ್ಪ, ನಾನು ಜನ್ಮದಲ್ಲಿ ಫುಟ್‌ಬಾಲ್ ಆಡಿಲ್ಲ!"

"ಭಾಳ ಚಲೋ ಆತು. ಉಳಿದಾವ್ರೂ ಆಡಿಲ್ಲ."

ಅದು ಸುಳ್ಳಲ್ಲ. ಟೀಮಿನಲ್ಲಿ ಇಬ್ಬರು ಹೃದಯದ ಡಾಕ್ಟರಿದ್ದರು. ಆಟಕ್ಕಿಂತ ಆಟಗಾರರಿಗೆ ಅವರಿಂದ ಉಪಯೋಗ. ಗೋಲ್‌ಕೀಪರ್, ಕಿರಾಣಿ ಅಂಗಡಿಯ ಬಿಜಾಪುರದ ಭಾಯಿ. ಅವರ ಅಗಲ ನೋಡಿಯೇ ಆರಿಸಿದ್ದು. ಚಿಕ್ಕಪ್ಪ ನಮ್ಮನ್ನು ಬಡಾವಣೆಯ ರಸ್ತೆಯಲ್ಲೇ ಓಡಿಸಿದರು. ಎರಡು ವಾರದಲ್ಲಿ ಐದು ಮನೆಯ ಮುಂದಿನ ಟಪಾಲು ಡಬ್ಬಿ ಉರುಳಿಸಿದೆವು. ಆರನೆಯದು ಚಿಕ್ಕಪ್ಪನದೇ. ಗೋಲು ಹೊಡೆಯುವುದನ್ನು ಕಲಿಸಿದರಾ? ಇಲ್ಲ! ಬರೀ ಪಾಸು!

ಜೂನ್‌ನಲ್ಲಿ ಗ್ಲೆಂಡೇಲ್ ಹೈಟ್ಸ್‌ನ ಕನ್ನಡದವರ ಜೊತೆ ಮ್ಯಾಚು. ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಅವರು ನಿಜವಾಗಿಯೂ ಆಡಿದ್ದವರು! ಒಂದೊಂದಾಗಿ ಆರು ಗೋಲು ತಿಂದೆವು. ಭಾಯಿ ಗೋಲಿನಲ್ಲಿ ನಿಂತು, "ಚೆಂಡು ಸಣ್ಣದಾತ್ರೀ!" ಅಂತ ರೆಫರಿಗೆ ದೂರು ಕೊಟ್ಟರು.

ಆಟ ಮುಗಿಯಲು ಇನ್ನೇನು ಒಂದೆರಡು ನಿಮಿಷ. ಚಿಕ್ಕಪ್ಪ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ತಾವೇ ಇಳಿದರು. ಐವತ್ತೆಂಟು ವರ್ಷದ ಮನುಷ್ಯ ಚೆಂಡು ತೆಗೆದುಕೊಂಡು ಒಬ್ಬನನ್ನು ದಾಟಿದರು, ಇಬ್ಬರನ್ನು ದಾಟಿದರು, ಅಡ್ಡ ಬಂದ ಗೋಲ್‌ಕೀಪರ್ ಮಗುಚಿಕೊಂಡ. ಎದುರಿಗೆ ಖಾಲಿ ಗೋಲು, ಎರಡೇ ಹೆಜ್ಜೆ!

ಚಿಕ್ಕಪ್ಪ ಚೆಂಡಿನ ಮೇಲೆ ಕಾಲಿಟ್ಟು ನಿಂತುಬಿಟ್ಟರು.

"ಹೊಡೀರೀ!" ಅಂತ ನಾವು ಕಿರುಚಿದೆವು. ತಡೆಯಲಾರದೆ ಎದುರಾಳಿಗಳೂ "ಹೊಡೀರಿ ಅಂಕಲ್!" ಅಂದರು.

ಅವರು ಹಿಂದಕ್ಕೆ ತಿರುಗಿ, ಶೂ ಲೇಸು ಕಟ್ಟಿಕೊಳ್ಳುತ್ತಿದ್ದ ನನ್ನನ್ನು ನೋಡಿ, "ತಮ್ಮಾ, ಬಾರೋ!" ಅಂದರು. ನಾನು ಬರುವತನಕ ಮೂವರು ಸುತ್ತುವರಿದು ತಳ್ಳಿದರೂ, ಕೋಳಿ ಮರಿಯನ್ನು ಕಾಯುವ ಹಾಗೆ ಚೆಂಡು ಕಾದುಕೊಂಡು ನಿಂತರು. ಆಮೇಲೆ ಮೆಲ್ಲಗೆ ಉರುಳಿಸಿದರು. ಒದ್ದೆ. ಅದು ನನ್ನ ಇನ್ನೊಂದು ಕಾಲಿಗೆ ಬಡಿದು, ಆಗತಾನೇ ಏಳುತ್ತಿದ್ದ ಗೋಲ್‌ಕೀಪರನ ಅಂಡಿಗೆ ತಾಗಿ ಒಳಗೆ ಹೋಯಿತು.

ಗೋಲು! ಆರಕ್ಕೆ ಒಂದು! ಉಳಿದ ಒಂಬತ್ತು ಜನ ನನ್ನ ಮೇಲೆ ಬಿದ್ದರು. ಎಲ್ಲರ ಕೆಳಗೆ ಉಸಿರು ಕಟ್ಟಿಕೊಂಡು ನಾನು ನಗುತ್ತಿದ್ದೆ. ನಿಲ್ಲಿಸಲಿಕ್ಕೇ ಆಗಲಿಲ್ಲ. ಚಿಕ್ಕಪ್ಪ ಮೈದಾನದ ಸುತ್ತ ಓಡಿ, ಮುಕ್ಕಾಲು ಸುತ್ತಿಗೆ ಮೊಣಕಾಲು ಹಿಡಿದುಕೊಂಡು ಕೂತರು.

ವಾಪಸ್ ಬರುವಾಗ ಚಿಕ್ಕಮ್ಮ ಬೈಯುತ್ತಾ ಡ್ರೈವ್ ಮಾಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ಚಿಕ್ಕಪ್ಪನ ಕಾಲು ನನ್ನ ತೊಡೆಯ ಮೇಲಿತ್ತು. ಮೊಣಕಾಲು ಊದಿಕೊಂಡಿತ್ತು, ಅದರ ಮೇಲೆ ಐಸಿನ ಚೀಲ.

"ಖಾಲಿ ಗೋಲು ಬಿಟ್ಟು ನನಗ್ಯಾಕೆ ಕೊಟ್ರಿ ಚಿಕ್ಕಪ್ಪ?" ಅಂದೆ.

ಅವರು ಐಸಿನ ಚೀಲ ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದರು.

"ಈ ದೇಶಕ್ಕ ಬಂದಾಗ ಟೀಮ್ ಮುಚ್ಚಿತಲ್ಲೋ, ಆಮ್ಯಾಲ ಎಂಟು ತಿಂಗಳು ಒಂದು ಖೋಲ್ಯಾಗ ಮಲಕೊಂಡಿದ್ದೆ. ಹಗಲೂ ಪರದಾ ಎಳಕೊಂಡು. ದಿನಾ ಅನಸ್ತಿತ್ತು, ಯಾರರ ಬಂದು ಬಾಗಿಲಾ ಬಡೀತಾರ ಅಂತ." ಅವರು ಕಣ್ಣು ಮುಚ್ಚಿದರು. "ಯಾರೂ ಬರಲಿಲ್ಲೋ ತಮ್ಮಾ."

ಚಿಕ್ಕಮ್ಮ ಬೈಯುವುದನ್ನು ನಿಲ್ಲಿಸಿದಳು. ಅರ್ಧ ದಾರಿಯ ಕಲಮಜೂ ಊರು ದಾಟುವಷ್ಟರಲ್ಲಿ ಚಿಕ್ಕಪ್ಪ ಬಾಯಿ ತೆರೆದು ನಿದ್ದೆ ಹೋಗಿದ್ದರು. ಐಸು ಕರಗಿ ನನ್ನ ಪ್ಯಾಂಟೆಲ್ಲಾ ಒದ್ದೆಯಾಯಿತು. ಅಲ್ಲಾಡಿದರೆ ಎಚ್ಚರವಾದೀತು ಅಂತ, ಮನೆ ಬರುವವರೆಗೂ ನಾನು ಆ ಕಾಲನ್ನು ಹಾಗೇ ಹಿಡಿದುಕೊಂಡು ಕೂತಿದ್ದೆ.