ಮೂರು ಗೀರಿನ ಕೋವಿ

ಗುರಿ ಕಾಗದದಲ್ಲಿ ಗುಂಡಿನ ತೂತು ದುಂಡಗಿರಬೇಕು. ಆರ್ವಿಡ್ ಹೊಡೆದ ತೂತು ಸೌತೆಕಾಯಿಯಷ್ಟು ಉದ್ದವಿತ್ತು. ಗುಂಡು ಮೂಗು ಮುಂದೆ ಮಾಡಿಕೊಂಡು ಹೋಗುವ ಬದಲು ಕುಡುಕ ಮೆಟ್ಟಿಲಿಳಿದ ಹಾಗೆ ಉರುಳುರುಳಿ ಹೋಗಿ ಅಡ್ಡಡ್ಡ ಬಡಿದಿತ್ತು.

"ಅಳಿಯ, ಸಂಜೆ ಐದಕ್ಕೆ ಮ್ಯೂಸಿಯಂನೋರು ಗಾಡಿ ತರ್ತಾರೆ," ಎಂದರು ಎಂಬತ್ತನಾಲ್ಕರ ಅತ್ತೆ ಗುಡ್ರುನ್. ಕೋವಿ ಅವರ ಗಂಡನ ಅಜ್ಜನದು. "ಅಷ್ಟರಲ್ಲಿ ಗುಡ್ಡದ ಮೇಲಿನ ಕಬ್ಬಿಣದ ಕಾಡುಕೋಣಕ್ಕೆ ಒಂದೇ ಒಂದು ಗುಂಡು ತಗುಲಿಸು, ಕೋವಿ ನಿಂದು. ಇಲ್ದಿದ್ರೆ ಅವರದು."

ಮೊಂಟಾನಾದ ಆ ಪುಟ್ಟ ಊರಿನಲ್ಲಿ ಶಾಲಾ ಬಸ್ಸು ಓಡಿಸುವ ಆರ್ವಿಡ್ ಇಪ್ಪತ್ತು ವರ್ಷದಿಂದ ಆಸೆಪಟ್ಟದ್ದು ಆ ಕೋವಿಯೊಂದಕ್ಕೇ. ನಳಿಗೆಗಿಂತ ಗುಂಡು ಸಣಕಲಾಗಿದೆ ಎಂದು ಅವನಿಗೆ ಅನುಮಾನ. ಒಳಗಿನ ಅಚ್ಚು ಮೂಡಿಸಿ ಅಳತೆ ತಿಳಿಯಲು ಮೆತ್ತನೆಯ ಸೀಸದ ಉಂಡೆಯೊಂದನ್ನು ನಳಿಗೆಯೊಳಗೆ ಬಡಿದ. ಅದು ನಟ್ಟನಡುವೆ ಹೋಗಿ ಕೂತುಬಿಟ್ಟಿತು.

ಸುತ್ತಿಗೆ ಸದ್ದಿಗೆ ನೆರೆಯವರಿಬ್ಬರೂ ಹಾಜರು: ರೈಲ್ವೆಯಲ್ಲಿ ಮೆಕ್ಯಾನಿಕ್ ಆಗಿದ್ದ ಲೆಸ್ಟರ್, ಗೋಧಿ ಗಿರಣಿಯ ಕ್ಲೆಮ್. ಬೇರೆಯವರು ಬಾಚಣಿಗೆ ಇಟ್ಟುಕೊಳ್ಳುವ ಜೇಬಿನಲ್ಲಿ ಇವರು ಕೂದಲೆಳೆಯ ದಪ್ಪ ಅಳೆಯುವ ಮೈಕ್ರೋಮೀಟರ್ ಇಟ್ಟುಕೊಳ್ಳುವವರು. ಮೂವರೂ ಸೇರಿ ಹಿತ್ತಾಳೆ ಸರಳಿನಿಂದ ನೂಕಿ, ಅಂತೂ ಉಂಡೆಯನ್ನು ಆಚೆ ಬೀಳಿಸಿದರು.

"ಅಂಗುಲಕ್ಕೆ ಸಾವಿರ ಪಾಲು ಮಾಡಿದ್ರೆ, ಇದು ನಾನೂರ ಐವತ್ತಾರು," ಲೆಸ್ಟರ್ ಘೋಷಿಸಿದ.

"ಐವತ್ತೆರಡು. ನಿನ್ನ ಮೈಕ್ರೋಮೀಟರ್‌ಗೊಂದು ಕನ್ನಡಕ ಕೊಡ್ಸು ಮಾರಾಯ."

"ಲೇ, ನಾನು ರೈಲು ರಿಪೇರಿ ಮಾಡಿದೋನು!"

"ಅದಕ್ಕೇ ಆ ರೈಲು ನಿಂತುಹೋಯ್ತು."

ಅವರು ಕಚ್ಚಾಡುತ್ತಿರಲು ಆರ್ವಿಡ್ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳಗೆ ಗುಂಡನ್ನು ಗಿರಗಿರ ತಿರುಗಿಸುವ ಮೂರು ಗೀರುಗಳು ನಿಧಾನವಾಗಿ ಸುತ್ತುತ್ತ ದೂರದ ಬೆಳಕಿನ ಬಿಲ್ಲೆಯತ್ತ ಸಾಗಿದ್ದವು. ನೂರೈವತ್ತು ವರ್ಷದ ಹಿಂದೆ ಯಾರೋ ಕೊರೆದದ್ದು. ಎಲ್ಲೂ ಒಂದು ನಡುಕವಿಲ್ಲ.

"ಮೂರೇ ಗೀರು," ಎಂದ ಪಿಸುದನಿಯಲ್ಲಿ. "ಒಂದು ಗೀರಿನ ಎದುರು ಇನ್ನೊಂದಿಲ್ಲ, ದಿಬ್ಬ ಇದೆ. ಮೈಕ್ರೋಮೀಟರ್‌ನಲ್ಲಿ ಎರಡು ಕಡೆಯಿಂದ ಹಿಡಿದ್ರೆ ಅಳತೆ ಯಾವಾಗ್ಲೂ ಕಮ್ಮಿನೇ."

"ಸೊಂಟದ ಅಳತೆ ಯಾರಾದ್ರೂ ಚಿವುಟಿ ತೆಗೀತಾರೇನ್ರೋ?" ಗುಡ್ರುನ್ ಹೊಲಿಗೆ ಪೆಟ್ಟಿಗೆಯಿಂದ ನೂಲು ತಂದು ಉಂಡೆಗೆ ಹತ್ತು ಸುತ್ತು ಸುತ್ತಿದರು. ನೂಲಿನ ಉದ್ದ ಅಳೆದು ಲೆಕ್ಕ ಹಾಕಿದರೆ ನಾನೂರ ಅರವತ್ತು! ಮೈಕ್ರೋಮೀಟರ್‌ಗಳು ಸದ್ದಿಲ್ಲದೆ ಜೇಬು ಸೇರಿದವು.

ಆರ್ವಿಡ್ ಗುಂಡು ಎರೆಯುವ ಅಚ್ಚಿನ ಎರಡು ಹೋಳುಗಳ ನಡುವೆ ತೆಳು ತಗಡಿನ ಪಟ್ಟಿ ಅಂಟಿಸಿ, ಸೀಸಕ್ಕೆ ಚೂರು ತವರ ಬೆರೆಸಿ ಎರೆದ. ಬೆಳ್ಳಿಯಂತೆ ಹೊಳೆಯುವ ದಪ್ಪ ಗುಂಡುಗಳು ಬಿದ್ದವು. ಜೇನುಮೇಣ ಸವರಿ, ಕಪ್ಪು ಮದ್ದು ತುಂಬಿದ ಹಿತ್ತಾಳೆ ತೋಟೆಗಳಿಗೆ ಕೂರಿಸುವಷ್ಟರಲ್ಲಿ ನಾಲ್ಕೂ ಮುಕ್ಕಾಲು. ಮ್ಯೂಸಿಯಂನ ಗಾಡಿ ಆಗಲೇ ಅಂಗಳದಲ್ಲಿತ್ತು.

ಐನೂರು ಗಜದಾಚೆ ಕಾಡುಕೋಣ ಕಡಲೆಕಾಳಿನಷ್ಟು ಕಾಣುತ್ತಿತ್ತು. ಕೋವಿ ಗುಡುಗಿತು. ಬಿಳಿ ಹೊಗೆ ಎಲ್ಲರನ್ನೂ ನುಂಗಿತು. ಒಂದು ಉಸಿರು. ಎರಡು ಉಸಿರು.

ಟಣ್!

ಆ ಸದ್ದು ಗುಡ್ಡ ಇಳಿದು, ಗೋಧಿ ಹೊಲ ದಾಟಿ ನಿಧಾನವಾಗಿ ಬಂತು. ಕ್ಲೆಮ್ ಟೋಪಿ ತೆಗೆದ.

ಗುಡ್ರುನ್ ಕಣ್ಣೊರೆಸಿಕೊಂಡರು. "ಅಳಿಯ, ಅದೇನು ಹೊಡೆದೆಯೋ! ನಾನು ಇಷ್ಟು ವರ್ಷ ಇದನ್ನ ಬರೀ ತುಕ್ಕು ಕಬ್ಬಿಣ ಅಂದ್ಕೊಂಡಿದ್ದೆ."

"ಹಾಗಾದ್ರೆ ಅತ್ತೆ, ಇನ್ಮೇಲೆ ಇದು..."

"ಅದಕ್ಕೇ ನಿಂಗೆ ಕೊಡ್ತೀನಿ ಅಂದಿದ್ದು. ಇಂಥಾ ರತ್ನ ಅಂತ ಗೊತ್ತಾದ್ಮೇಲೆ ಮನೇಲಿ ಇಟ್ಕೊಳ್ಳೋಕಾಗುತ್ತಾ? ಊರಿನ ಸೊತ್ತು ಕಣೋ ಇದು!"

"ಮಾತು ಕೊಟ್ಟಿದ್ರಿ!"

"ತುಕ್ಕು ಕಬ್ಬಿಣದ ಬಗ್ಗೆ ಕೊಟ್ಟಿದ್ದೆ."

"ಅಮ್ಮ ಹೇಳೋದು ಸರಿ," ಎಂದರು ಲೆಸ್ಟರ್, ಕ್ಲೆಮ್ ಒಟ್ಟಿಗೆ. ಆ ದಿನ ಅವರಿಬ್ಬರೂ ಒಪ್ಪಿದ್ದು ಅದೊಂದನ್ನೇ.

ಮಸಿ ಮೆತ್ತಿದ ಕೈಯಲ್ಲಿ ಆರ್ವಿಡ್ ಕೋವಿಯನ್ನು ಕೊನೆಯ ಬಾರಿ ಎತ್ತಲು ಬಾಗಿದ. ಮ್ಯೂಸಿಯಂನ ಹೆಂಗಸು ಓಡಿ ಬಂದು ಒಂದು ಜೊತೆ ಬಿಳಿ ಕೈಗವಸು ಚಾಚಿದಳು.

"ಸಾರ್, ದಯವಿಟ್ಟು ಬರಿಗೈಲಿ ಮುಟ್ಟಬೇಡಿ. ತುಂಬಾ ನಾಜೂಕಿನ ವಸ್ತು."