ಸೇತುವೆ ಕಟ್ಟಿದ ಸೈತಾನ, ಚಕ್ರದಡಿಯ ನಿಂಬೆಹಣ್ಣು

ಬೇರೆಯವರ ಮೂಢನಂಬಿಕೆ ಕೇಳಿಸಿಕೊಳ್ಳುವಾಗ ನನ್ನಷ್ಟು ದೊಡ್ಡ ವಿಚಾರವಾದಿ ಲೆಮಿಂಗ್ಟನ್ ಸ್ಪಾ ಎಂಬ ಈ ಇಂಗ್ಲಿಷ್ ಊರಿನಲ್ಲೆಲ್ಲೂ ಸಿಗಲಾರ. ಈ ಗುಣದಿಂದಲೇ ಪಕ್ಕದ ಮನೆಯ ಎಂಜೋ ಅವರನ್ನು ಕಳೆದುಕೊಳ್ಳುವುದರಲ್ಲಿದ್ದೆ. ಎಪ್ಪತ್ತು ದಾಟಿದ ಎಂಜೋ ಇಟಲಿಯ ಒಂದು ಗುಡ್ಡದ ಹಳ್ಳಿಯವರು. ನಮ್ಮ ಬೀದಿಯಲ್ಲಿ ಎಲ್ಲರೂ ಹವೆಯ ಬಗ್ಗೆ ವಿಚಾರಿಸುತ್ತಾರೆ, "ಊಟ ಆಯ್ತಾ?" ಎಂದು ಕೇಳುವವರು ಅವರೊಬ್ಬರೇ.

ಬೇಲಿಯ ಆಚೆ ನಿಂತು ಅವರು ಊರಿನ ಕಥೆ ಹೇಳುತ್ತಿದ್ದರು. ಮಳೆ ಬಾರದಿದ್ದರೆ ಸಂತನ ವಿಗ್ರಹವನ್ನು ಬಿಸಿಲಿಗೆ ತಂದು, ಬಾಯಿಗೆ ಉಪ್ಪುಮೀನು ಇಡುತ್ತಿದ್ದರಂತೆ, ಬಾಯಾರಿಕೆ ಏನೆಂದು ಅವನಿಗೂ ತಿಳಿಯಲಿ ಎಂದು! ನಮ್ಮ ಕಡೆ ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡಿಸುವ ಸಂಗತಿಯ ಬಗ್ಗೆ ನಾನು ಜಾಣತನದಿಂದ ಬಾಯಿಬಿಡಲಿಲ್ಲ. ಆಮೇಲೆ ಅವರೂರಿನ ಸೇತುವೆಯ ಕಥೆ ಬಂತು. ಅದನ್ನು ಸೈತಾನ ಒಂದೇ ರಾತ್ರಿಯಲ್ಲಿ ಕಟ್ಟಿಕೊಟ್ಟನಂತೆ. ಮೊದಲು ದಾಟಿದವರ ಪ್ರಾಣ ಅವನ ಕೂಲಿ. ಊರವರು ಆಚೆಗೊಂದು ರೊಟ್ಟಿ ಎಸೆದು ನಾಯಿಯನ್ನೇ ಮೊದಲು ದಾಟಿಸಿದರು.

"ಇವತ್ತಿಗೂ ಮದುವೆ ದಿಬ್ಬಣಕ್ಕಿಂತ ಮೊದಲು ಒಂದು ನಾಯಿ ದಾಟಬೇಕು. ನನ್ನ ಮದುವೆಯಲ್ಲೂ ದಾಟಿತ್ತು," ಎಂದರು.

"ಅಯ್ಯೋ, ಇದನ್ನೆಲ್ಲ ಇನ್ನೂ ನಂಬ್ತೀರಾ?" ಎಂದು ನಾನು ಚಹಾ ಮೂಗಿಗೇರುವಷ್ಟು ನಕ್ಕೆ. ಎಂಜೋ ತಮ್ಮ ಕಪ್ಪು ಎತ್ತಿಕೊಂಡು ಒಳಗೆ ಹೋದರು. ಹತ್ತು ದಿನ ಮಾತಿಲ್ಲ, ಊಟದ ವಿಚಾರಣೆಯೂ ಇಲ್ಲ. ಬೇಲಿಯ ಹತ್ತಿರ ಸುಮ್ಮನೆ ಅಡ್ಡಾಡಿದೆ, ಸುಳ್ಳುಸುಳ್ಳೇ ಕೆಮ್ಮಿದೆ. ನಿಜಕ್ಕೂ ಬೇಸರವಾಗಿತ್ತು.

ಅಷ್ಟರಲ್ಲಿ ನಾವು ಹೊಸ ಕಾರು ಕೊಂಡೆವು. ಟಿವಿಡೇಲ್ ಬಾಲಾಜಿ ಗುಡಿಯಲ್ಲಿ ಪೂಜೆಯೇನೋ ಆಯಿತು, ಆದರೆ ನಿಂಬೆಹಣ್ಣನ್ನು ನಾನು ಮನೆಯಲ್ಲೇ ಮರೆತಿದ್ದೆ. ವಾಪಸ್ ಬಂದವಳೇ ನನ್ನ ಹೆಂಡತಿ ಗಿರಿಜಾ ನಾಲ್ಕು ಚಕ್ರದ ಮುಂದೆ ನಾಲ್ಕು ಹಣ್ಣು ಇಟ್ಟಳು. ತಲೆ ಎತ್ತಿದರೆ ಬೇಲಿಯ ಆಚೆ ಎಂಜೋ.

"ಅದು ಯಾರಿಗೆ?" ಎಂದರು. ಹತ್ತು ದಿನದ ಮೇಲಿನ ಮೊದಲ ಮಾತು.

ನಾನು ಗಿರಿಜಾಳ ಮುಖ ನೋಡಿದೆ. ಹುಬ್ಬಳ್ಳಿಯವಳು, ಬಿಡುತ್ತಾಳೆಯೇ? "ಅವತ್ತ ಹಲ್ಲ ಕಿಸದ ನಕ್ಕೀರಲ್ಲ, ಈಗ ನೀವ ಹೇಳ್ರಿ!"

ತೊದಲುತ್ತ ಹೇಳಿದೆ: ಕೆಟ್ಟದ್ದು ಏನಾದರೂ ಕಾದಿದ್ದರೆ, ನಮ್ಮ ಬದಲು ನಿಂಬೆಹಣ್ಣು ತೆಗೆದುಕೊಂಡು ಹೋಗಲಿ ಅಂತ.

ಎಂಜೋ ನಗಲಿಲ್ಲ. ಗಂಭೀರವಾಗಿ ಯೋಚಿಸಿದರು. "ನಾವು ನಾಯಿ ಕೊಡಬೇಕಾಯಿತು. ನೀವು ಸೈತಾನನನ್ನು ಬರೀ ನಿಂಬೆಹಣ್ಣಿಗೇ ಒಪ್ಪಿಸಿಬಿಟ್ಟಿರಾ?" ಎಂದರು. ಆ ದನಿಯಲ್ಲಿ ಕುಹಕವಿರಲಿಲ್ಲ, ಅಪ್ಪಟ ಮೆಚ್ಚುಗೆಯಿತ್ತು. ನನಗೆ ನಾಚಿಕೆಯಾದದ್ದು ಅದಕ್ಕೇ.

ಕಾರು ಮುಂದೆ ಬಿಟ್ಟೆ. ಮೂರು ಹಣ್ಣು ಒಡೆದವು, ನಾಲ್ಕನೆಯದು ಪಕ್ಕಕ್ಕೆ ಜಾರಿತು. ಎಂಜೋ ಗೇಟು ತೆರೆದು ಬಂದು, ನೋಯುವ ಮಂಡಿ ಬಗ್ಗಿಸಿ, ಅದನ್ನು ಮತ್ತೆ ಚಕ್ರದ ಮುಂದಿಟ್ಟರು. "ಇನ್ನೊಂದು ಸಲ. ಆಮೇಲೆ ಹೇಳು, ಊಟ ಆಯ್ತಾ?"

ನಾನು ಇದನ್ನೆಲ್ಲ ನಂಬುವವನಲ್ಲ. ಹಿರಿಯರ ಮನಸ್ಸು ಮತ್ತೆ ನೋಯಬಾರದೆಂದಷ್ಟೇ ಕಾರು ಹಿಂದಕ್ಕೆ ತೆಗೆದು ಇನ್ನೊಮ್ಮೆ ಹತ್ತಿಸಿದೆ. ಹಣ್ಣು ಸರಿಯಾಗಿ ಒಡೆಯಿತೇ ಎಂದು ಇಳಿದು, ಬಗ್ಗಿ, ಟಾರ್ಚ್ ಹಾಕಿ ನೋಡಿದವನು ಮಾತ್ರ ನಾನೇ.